ಇಬೆಜಿ ಗೊಂಬೆಯ ಪ್ರೊವೆನೆನ್ಸ್ (ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಇತಿಹಾಸ): ಕಾರ್ಬನ್ ಟೆಸ್ಟ್ ಮಾಡಿಸಬೇಕೆ, ಪೀಠದ ಮುದ್ರೆ ನಂಬಬಹುದೆ?

ಕವಡೆಸರ:
ನೈಜೀರಿಯಾದ ಯೊರುಬಾ ಜನರ ಇಬೆಜಿ (ಅವಳಿಗಳ ಮರದ ಗೊಂಬೆ), ಹೆಣ್ಣು, ಎತ್ತರ 26 ಸೆಂ.ಮೀ. ಲಂಡನ್ನಿನ ಹರಾಜಿನಲ್ಲಿ ಕೊಂಡದ್ದು. ತುರುಬಿನಲ್ಲಿ ನೀಲಿ, ಸಂದುಗೊಂದುಗಳಲ್ಲಿ ಕೆಂಪು ಪುಡಿ ಗಟ್ಟಿಕೊಂಡಿದೆ. ಮೂಗು, ತುಟಿ ಸವೆದಿವೆ. ಕಪ್ಪು ಮರದ ಪೀಠದ ಅಡಿಯಲ್ಲಿ ಜಪಾನಿ ಅಕ್ಷರದ ಚಿಕ್ಕ ಮುದ್ರೆ ಇದೆ. ಚೀಟಿಯಲ್ಲಿರುವುದು ಇಷ್ಟೇ: ‘ವಸಾಹತು ಅಧಿಕಾರಿಯ ಕುಟುಂಬದಿಂದ, 1920ರ ದಶಕ’. ಕೊಳೆ ತೊಳೆಯಬಹುದೆ? ಕಾರ್ಬನ್ ಟೆಸ್ಟ್‌ನಿಂದ 1920 ಎಂದು ಖಚಿತವಾಗುತ್ತದೆಯೆ?

ಬಾಚಿ_ಉಳಿ:
ದಯವಿಟ್ಟು ನೀರು ಮುಟ್ಟಿಸಬೇಡಿ. ನೀವು ಕೊಳೆ ಅನ್ನುತ್ತಿರುವುದೇ ನಿಮ್ಮ ಕೈಲಿರುವ ಅತ್ಯುತ್ತಮ ಸಾಕ್ಷಿ. ಅವಳಿಯಲ್ಲಿ ಒಂದು ಮಗು ತೀರಿಕೊಂಡಾಗ ಕೆತ್ತಿಸುವ ಗೊಂಬೆ ಇದು. ಅದಕ್ಕೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಊಟ ಮುಟ್ಟಿಸಿ, ಓಸುನ್ ಎಂಬ ಕೆಂಪು ಮರದ ಪುಡಿ ಬಳಿಯುತ್ತಾರೆ. ಕೂದಲಿಗೆ ಮೊದಲು ನೀಲಿಗಿಡದ ಬಣ್ಣ, ಆಮೇಲಾಮೇಲೆ ಬಟ್ಟೆಗೆ ಹಾಕುವ ನೀಲಿ. ಹೌದು, ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ಹಾಕುತ್ತಿದ್ದ ಅದೇ ಜಾತಿಯ ನೀಲಿ.

ಯಾವ ನೀಲಿ ಎಂದು ತಿಳಿಯಲು ಗೊಂಬೆಯನ್ನು ಕೆರೆಯಬೇಡಿ. ತಾನಾಗಿ ಉದುರಿದ ಚಿಟಿಕೆ ಧೂಳನ್ನು ಗಾಜಿನ ಮೇಲಿಟ್ಟು ಎರಡು ಹನಿ ನಿಂಬೆರಸ ಹಾಕಿ. ಬಟ್ಟೆ ನೀಲಿಯಾದರೆ ಆಮ್ಲಕ್ಕೆ ಮೆಲ್ಲಗೆ ಬಣ್ಣ ಕಳೆದುಕೊಳ್ಳುತ್ತದೆ; ಗಿಡದ ನೀಲಿ ಹಾಗೆ ಹೋಗುವುದಿಲ್ಲ. ಬಟ್ಟೆ ನೀಲಿ ಬಂದರೆ ನಕಲಿ ಎಂದೇನೂ ಅಲ್ಲ.

ಇನ್ನು ಸವೆತ. 10 ಪಟ್ಟಿನ ಭೂತಗನ್ನಡಿ, ಪಕ್ಕದಿಂದ ಓರೆ ಬೆಳಕು. ಕೈಯಾಡಿ ಸವೆದಿದ್ದರೆ ಉಬ್ಬಿದ ಕಡೆ ಮಾತ್ರ ನುಣುಪಾಗಿ, ಕಂಕುಳು, ಕಿವಿಯ ಹಿಂಬದಿಯಲ್ಲಿ ಬಾಚಿ, ಉಳಿಯ ಏಟುಗಳು ಚೂಪಾಗಿಯೇ ಉಳಿದಿರುತ್ತವೆ. ಸ್ಯಾಂಡ್‌ಪೇಪರ್ ಹೊಡೆದಿದ್ದರೆ ಸಮಾನಾಂತರ ಸಣ್ಣ ಗೀರುಗಳು ತಗ್ಗಿನೊಳಕ್ಕೂ ಇಳಿದಿರುತ್ತವೆ. ಮೂಗು ಚಪ್ಪಟೆಯಾಗಿ, ಅದರ ಪಕ್ಕದ ಕೆನ್ನೆಯ ಮೇಲೆ ಕೆತ್ತಿದ ಗಾಯದ ಗುರುತಿನ ಗೆರೆ ಮಾತ್ರ ಹೊಸದರಂತಿದ್ದರೆ ಅನುಮಾನ ಪಡಿ.

ಹಳೇಕಡತ:
ಮೇಲಿನದಕ್ಕೆ ಒಂದು ತಿದ್ದುಪಡಿಯಲ್ಲ, ಎಚ್ಚರಿಕೆ. ಅದೆಲ್ಲ ‘ಬಳಸಿದ ಗೊಂಬೆ’ ಎನ್ನಲು ಸಾಕು, ಪ್ರೊವೆನೆನ್ಸ್ ಅಲ್ಲ. ಶೈಲಿಯೂ ಅಷ್ಟೇ. ಎದೆಯ ಮೇಲೆ ತ್ರಿಕೋನದ ತಾಯಿತ ಕೆತ್ತಿದ್ದರೆ ಇಸ್ಲಾಂ ತಾಗಿದ ಒಯೊ, ಇಗ್ಬೊಮಿನಾ ಎಂಬ ಯೊರುಬಾ ಸೀಮೆಗಳ ಕಡೆಯದ್ದಿರಬಹುದು ಎನ್ನುತ್ತೇವೆ. ಎಲ್ಲಿ ಹುಟ್ಟಿತೆಂದು ಶೈಲಿ ಹೇಳುತ್ತದೆ, ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತೆಂದು ಕಾಗದವೇ ಹೇಳಬೇಕು.

ಕಾರ್ಬನ್ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ. ಸುಮಾರು 1650ರಿಂದ 1950ರವರೆಗೆ ಕ್ಯಾಲಿಬ್ರೇಶನ್ ರೇಖೆ (ಕಾರ್ಬನ್ ಅಳತೆಯನ್ನು ಇಸವಿಗೆ ಹೊಂದಿಸುವ ರೇಖೆ) ಏರಿಳಿಯುವುದರಿಂದ ಒಂದೇ ಅಳತೆಗೆ ಎರಡು ಮೂರು ಕಾಲಾವಧಿ ಹೊಂದುತ್ತವೆ. ಸಿಗುವುದೂ ಮರ ಬೆಳೆದ ಕಾಲ, ಕೆತ್ತಿದ ಕಾಲವಲ್ಲ. ಒಂದಕ್ಕೆ ಮಾತ್ರ ಉಪಯೋಗ: 1950ರ ದಶಕದಿಂದೀಚಿನ ಅಣುಬಾಂಬ್ ಪರೀಕ್ಷೆಗಳ ಕಾರ್ಬನ್ ಕಂಡರೆ 1920ರ ಕತೆ ಅಲ್ಲಿಗೇ ಬಿತ್ತು.

ಚೀಟಿಯಲ್ಲಿ ಅಧಿಕಾರಿಯ ಹೆಸರಿಲ್ಲ, ಕೆಲಸ ಮಾಡಿದ ಊರಿಲ್ಲ, ಅಂದರೆ ಏನೂ ಇಲ್ಲ. ಹರಾಜಿನವರಿಗೆ ಬರೆದು ಹೆಸರು ಕೇಳಿ. ಕೊಟ್ಟರೆ, ಬ್ರಿಟಿಷರ ವಾರ್ಷಿಕ ಕಲೋನಿಯಲ್ ಆಫೀಸ್ ಲಿಸ್ಟ್‌ನಲ್ಲಿ ಆ ವ್ಯಕ್ತಿ ಆ ವರ್ಷ ನೈಜೀರಿಯಾದಲ್ಲಿದ್ದರೇ ನೋಡಬಹುದು. ಮಿಷನರಿ ಎಂದರೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಚರ್ಚ್ ಮಿಷನರಿ ಸೊಸೈಟಿಯ ಕಡತಗಳು. ಹೆಸರು ಕೊಡದಿದ್ದರೆ, 1967ರಿಂದ 1970ರ ಬಿಯಾಫ್ರಾ ಯುದ್ಧದ (ನೈಜೀರಿಯಾದ ಅಂತರ್ಯುದ್ಧ) ಹೊತ್ತಿನಲ್ಲಿ ದೇಶ ಬಿಟ್ಟ ರಾಶಿಯಲ್ಲಿ ಇದೂ ಒಂದಿರಬಹುದು ಎಂದೇ ಹಿಡಿಯಿರಿ. ಅಲ್ಲಿ ಪ್ರಾಚ್ಯವಸ್ತು ಕಾನೂನು 1953ರಿಂದಲೇ ಇದೆ. ರಫ್ತು ಪರವಾನಗಿ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.

ಪೀಠದ ಮುದ್ರೆ ಇನಗಾಕಿಯದಾಗಿದ್ದರೆ ಒಳ್ಳೆಯ ಸುಳಿವು. ಕಿಚಿಜೊ ಇನಗಾಕಿ ಪ್ಯಾರಿಸ್‌ನಲ್ಲಿ ವ್ಯಾಪಾರಿಗಳಿಗೆ ಪೀಠ ಮಾಡಿಕೊಡುತ್ತಿದ್ದ, ತೀರಿದ್ದು 1951ರಲ್ಲಿ. ಆದರೆ ಲಂಡನ್ ಅಧಿಕಾರಿಯ ಮನೆಯ ಗೊಂಬೆಗೆ ಪ್ಯಾರಿಸ್ ಪೀಠ ಏಕೆ? ಹಳೇ ಪೀಠಕ್ಕೆ ಹೊಸ ಗೊಂಬೆ ಕೂರಿಸುವುದು ಈ ವ್ಯಾಪಾರದ ಹಳೇ ಚಾಳಿ. ಗೊಂಬೆ ಎತ್ತಿ ಮೊಳೆಯ ತೂತು ನೋಡಿ. ಜೋರು ಮಾಡಬೇಡಿ, ಅಂಟು ಹಾಕಿದ್ದರೆ ಅಲ್ಲಿಗೇ ಬಿಟ್ಟು ಫೋಟೊ ತೆಗೆಯಿರಿ.

ಕವಡೆಸರ:
ಸಲೀಸಾಗಿ ಬಂತು. ಪೀಠದಲ್ಲಿ ತೂತು ಎರಡು, 31 ಮಿ.ಮೀ. ಅಂತರ. ಗೊಂಬೆಯ ಅಡಿಯಲ್ಲಿ ಒಂದೇ, ನಡುವೆ. ಒಳಗಿನ ಮರ ಇನ್ನೂ ತಿಳಿ ಬಣ್ಣ. ಪೀಠದ ಮೇಲ್ಮೈಯಲ್ಲಿ ಬಣ್ಣ ಮಾಸದೆ ಉಳಿದ ಗುರುತು ಚೌಕ, ನನ್ನ ಗೊಂಬೆಯ ತಳ ದುಂಡಗೆ. ಓರೆ ಬೆಳಕಿನಲ್ಲಿ ಸವೆತ ಮಾತ್ರ ಬಾಚಿ_ಉಳಿ ಹೇಳಿದಂತೆಯೇ, ಕಂಕುಳಲ್ಲಿ ಉಳಿ ಗುರುತು ಚೂಪಾಗಿವೆ.

ಹಳೇಕಡತ:
ಹಾಗಾದರೆ ಪೀಠ ಬೇರೆ ಗೊಂಬೆಯದು, ಗೊಂಬೆ ಬಳಸಿದ್ದೇ. ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸಿ. ತಳ, ಬೆನ್ನು, ಎರಡೂ ಪಕ್ಕ, ಮುಖ, ತೂತು, ಚೀಟಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಆ ಫೋಟೊಗಳೊಂದಿಗೆ ಯೇಲ್ ವಿಶ್ವವಿದ್ಯಾಲಯದ ಆರ್ಟ್ ಗ್ಯಾಲರಿಯಲ್ಲಿರುವ ವ್ಯಾನ್ ರೈನ್ ಆಫ್ರಿಕನ್ ಕಲಾ ಸಂಗ್ರಹಕ್ಕೆ ಬರೆಯಿರಿ. ಹಳೇ ಹರಾಜು, ಸಂಗ್ರಹಗಳ ಚಿತ್ರಗಳು ಅಲ್ಲಿ ಒಟ್ಟಾಗಿವೆ. ಹೋಲಿಸುವಾಗ ಮುಖ ನೋಡಬೇಡಿ, ಒಂದೇ ಕೆತ್ತನೆಗಾರನ ಮುಖಗಳೆಲ್ಲ ಒಂದೇ. ಬಿರುಕು, ಮುಕ್ಕಾದ ಬೆರಳು, ಮರದ ಗಂಟು, ಇವು ಹೊಂದಬೇಕು.

ಬಾಚಿ_ಉಳಿ:
ತಿಳಿ ಬಣ್ಣದ ಆ ತೂತಿಗೆ ಏನನ್ನೂ ತುಂಬಬೇಡಿ. ಸೊಂಟದಲ್ಲಿ ಮಣಿಸರ ಇದ್ದರೆ ದಾರ ಬದಲಿಸಬೇಡಿ, ಸಡಿಲವಾದ ಕವಡೆಗಳನ್ನು ಬೇರೆ ಕವರಿನಲ್ಲಿಟ್ಟು ಮೇಲೆ ಯಾವ ಜಾಗದ್ದೆಂದು ಪೆನ್ಸಿಲ್ಲಿನಲ್ಲಿ ಬರೆದಿಡಿ.