ಮಾಸ್ಟರ್ ಸಿಲಿಂಡರ್ ಮನೆಯಲ್ಲೇ ಹಾಕಬಹುದು, ಆದರೆ ಕೂರಿಸುವ ಮೊದಲೇ ಗಾಳಿ ತೆಗೆಯಿರಿ

ಮೈಸೂರಿನವರೊಬ್ಬರು ಕೇಳಿದ್ದಾರೆ. ಹಳೇ ವ್ಯಾನಿನ ಬ್ರೇಕ್ ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಇಳಿಯುತ್ತದೆ, ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ) ತಂದಿಟ್ಟಿದ್ದೇನೆ, ಮನೆಯಲ್ಲೇ ಹಾಕಬಹುದಾ ಅಂತ. ನಾನು ಮಂಡ್ಯದಲ್ಲಿ ನಮ್ಮ ವ್ಯಾನಿಗೆ ಹಾಕಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಆಲೆಮನೆಯಿಂದ ಬೆಲ್ಲ ತರುವ ಗಾಡಿ ನಮ್ಮದು. ಸಿಗ್ನಲ್‌ನಲ್ಲಿ ನಿಂತಾಗ ಪೆಡಲ್ ಕಾಲಡಿಯಲ್ಲೇ ಕೆಳಗೆ ಹೋಗುತ್ತಿತ್ತು. ಚಕ್ರದ ಹತ್ತಿರವಾಗಲಿ ಪೈಪಿನಲ್ಲಾಗಲಿ ಒಂದು ಹನಿ ಆಯಿಲ್ ಇರಲಿಲ್ಲ. ಹೊರಗೆ ಲೀಕ್ ಇಲ್ಲದೆ ಹೀಗಾದರೆ ಹೆಚ್ಚಾಗಿ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಸವೆದಿರುತ್ತದೆ, ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಆದರೆ ಪೆಡಲ್ ಮೆತ್ತಗಿದ್ದು ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾಗುತ್ತದೆ ಅಂದರೆ ಅದು ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಇರಬಹುದು, ಸುಮ್ನೆ ಸಿಲಿಂಡರ್ ಬಿಚ್ಚಬೇಡಿ.

ಬಿಚ್ಚುವುದು ದೊಡ್ಡ ಕೆಲಸವಲ್ಲ. ಪೈಪಿನ ನಟ್ಟಿಗೆ ಮಾತ್ರ ಫ್ಲೇರ್ ನಟ್ ಸ್ಪ್ಯಾನರ್ (ನಟ್ಟನ್ನು ಸುತ್ತಲೂ ಹಿಡಿಯುವ ಸ್ಪ್ಯಾನರ್) ಬಳಸಿ, ಸಾದಾ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಕೆಳಗೆ ಬಟ್ಟೆ ಹಾಸಿ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ನಾನು ತಪ್ಪಿದ್ದು ಇಲ್ಲಿ. ಹೊಸ ಸಿಲಿಂಡರನ್ನು ಒಣಗಿದ್ದ ಹಾಗೇ ಕೂರಿಸಿಬಿಟ್ಟೆ. ಆಮೇಲೆ ನಾನೂ ತಮ್ಮನೂ ಎರಡು ಸಂಜೆ ಪೆಡಲ್ ತುಳಿದಿದ್ದೇ ತುಳಿದಿದ್ದು, ಆಯಿಲ್ ಖಾಲಿಯಾಯಿತೇ ಹೊರತು ಪೆಡಲ್ ಗಟ್ಟಿಯಾಗಲಿಲ್ಲ. ಕೊನೆಗೆ ಗೊತ್ತಿದ್ದ ಮೆಕ್ಯಾನಿಕ್ ಅಣ್ಣ ಬಂದು ಅದನ್ನು ಬಿಚ್ಚಿಸಿ, ವೈಸ್‌ಗೆ ಕಚ್ಚಿಸಿ, ಆಯಿಲ್ ತುಂಬಿ, ಎರಡೂ ಬಾಯಿಯಿಂದ ಚಿಕ್ಕ ಪೈಪನ್ನು ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿಯೊಳಗೆ ಮುಳುಗಿಸಿಟ್ಟು, ಸ್ಕ್ರೂಡ್ರೈವರ್‌ನಿಂದ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ಬಿಡುತ್ತಾ ಹೋದರು. ಗುಳ್ಳೆ ಪೂರ್ತಿ ನಿಂತ ಮೇಲೆ ಗಾಡಿಗೆ ಹಾಕಿದೆವು. ಉಳಿದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ಪೈಪಿನ ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ನಟ್ಟಿನ ಥ್ರೆಡ್ ಅಡ್ಡ ಕೂತರೆ ಸಿಲಿಂಡರ್ ಹಾಳು. ಬೂಸ್ಟರ್ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಬೇಕು. ಇಲ್ಲದಿದ್ದರೆ ಬ್ರೇಕ್ ಬಿಡುವುದಿಲ್ಲ, ಚಕ್ರ ಕಾಯುತ್ತದೆ.

ನಂತರ ಚಕ್ರಗಳ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಬೇಕು. ಕಂಪನಿ ಪುಸ್ತಕ ಬೇರೆ ಹೇಳಿರದಿದ್ದರೆ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡಿ, ಅಂದರೆ ಹಿಂದಿನ ಎಡಗಡೆಯದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬ್ರೇಕ್‌ನಲ್ಲಿರುವ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಬೇಕು. ಮುಚ್ಚಿದೆ ಅಂತ ಹೇಳುವವರೆಗೂ ಕಾಲು ಎತ್ತಬಾರದು, ಇದು ತುಂಬಾ ಮುಖ್ಯ. ನಡುವೆ ಸಿಲಿಂಡರ್ ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಆಯಿಲ್ ಆ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಇರಲಿ, ಡಾಟ್ 3 ಅಥವಾ ಡಾಟ್ 4. ಹಿಂದೆಂದೋ ತೆರೆದಿಟ್ಟ ಬಾಟಲಿಯ ಆಯಿಲ್ ಬೇಡ, ಅದು ಗಾಳಿಯಲ್ಲಿರುವ ನೀರಿನ ಪಸೆ ಎಳೆದುಕೊಂಡಿರುತ್ತದೆ.

ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ಇಳಿಯಬಾರದು. ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ನಾಲ್ಕೂ ಚಕ್ರದ ಹತ್ತಿರ ಕೈಯಿಟ್ಟು ಯಾವುದಾದರೂ ಒಂದು ಜಾಸ್ತಿ ಕಾದಿದೆಯಾ ನೋಡಿ. ಒಂದೆರಡು ದಿನ ಊರೊಳಗೆ ಓಡಿಸಿ ಆಯಿಲ್ ಮಟ್ಟ ನೋಡಿಕೊಳ್ಳಿ, ಚಾಮುಂಡಿ ಬೆಟ್ಟ ಇಳಿಯುವುದು ಆಮೇಲೆ.