ಆಂಡಿ ರೂಯಿಸ್ ಕೆಟ್ಟಿದ್ದು ಯಾರಿಂದ?

ಎಡಗೈ ಜಾಬ್: ಬಾಕ್ಸರ್ ರೂಯಿಸ್ ಹೆಸರು ಬಂದ ತಕ್ಷಣ ಎಲ್ರೂ "ಪಾಪ" ಅಂತೀರ. ಯಾಕ್ರೀ ಪಾಪ? 2019ರ ಜೂನ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೆವಿವೇಯ್ಟ್ (ಅತಿ ಭಾರದ ವರ್ಗ) ವಿಶ್ವ ಚಾಂಪಿಯನ್ ಆಂಥನಿ ಜೋಶುವಾನನ್ನ ನಾಲ್ಕು ಸಲ ಕೆಡವಿ ಏಳನೇ ರೌಂಡಿಗೆ ಮುಗಿಸಿದ. ಅದೂ ಡೋಪಿಂಗಲ್ಲಿ ಸಿಕ್ಕಿಬಿದ್ದ ಜಾರೆಲ್ ಮಿಲ್ಲರ್ ಜಾಗಕ್ಕೆ ಕೊನೇ ಗಳಿಗೆಯಲ್ಲಿ ಬಂದವನು! ಆರೇ ತಿಂಗಳಿಗೆ ಸೌದಿಯ ದಿರಿಯಾದಲ್ಲಿ ಅದೇ ಜೋಶುವಾ ಕೈಲಿ ಸೋತು, ಗೆದ್ದ ಚಾಂಪಿಯನ್ ಬೆಲ್ಟ್ ಎಲ್ಲ ಹೋಯ್ತು. ಮಧ್ಯೆ ಏನು ಮಾಡ್ದ? ದೊಡ್ಡ ಮನೆ, ಮೂವತ್ತನೇ ಹುಟ್ಟುಹಬ್ಬಕ್ಕೆ ರೋಲ್ಸ್ ರಾಯ್ಸ್, ಪಾರ್ಟಿ ಮೇಲೆ ಪಾರ್ಟಿ. 268 ಪೌಂಡ್ ಇದ್ದವನು 283 ಆಗಿ ಬಂದ. ಸೋತಿದ್ದ ಜೋಶುವಾ ಹತ್ತು ಪೌಂಡ್ ಇಳಿಸ್ಕೊಂಡು ಬಂದಿದ್ದ. ಇದು ಪೂರ್ತಿ ಅವನದೇ ಆಯ್ಕೆ.

ಯಶವಂತಪುರದವಳು: "ಅವನದೇ ಆಯ್ಕೆ" ಅಂತ ಎಷ್ಟು ಸಲೀಸಾಗಿ ಹೇಳ್ತೀರ! ಸೋತವನ ಜೊತೆ ಮತ್ತೆ ಆಡಬೇಕು ಅನ್ನೋ ರೀಮ್ಯಾಚ್ ಷರತ್ತು ಮೊದಲ ಫೈಟಿನ ಅಗ್ರಿಮೆಂಟಲ್ಲೇ ಇತ್ತು. ಸೌದಿ ಅಂತ ಘೋಷಿಸಿದ್ದು ಜೋಶುವಾ ಕಡೆಯ ಪ್ರಮೋಟರ್ ಎಡ್ಡಿ ಹರ್ನ್. ರೂಯಿಸ್ ಮೊದಲು ಒಪ್ಪಿರಲೇ ಇಲ್ಲ.

ಎಡಗೈ ಜಾಬ್: ಜಾಗ ಹರ್ನ್ ಗೊತ್ತು ಮಾಡ್ದ ಮೇಡಂ, ಒಪ್ಪೋಣ. ಊಟದ ತಟ್ಟೆಗೂ ಅವನೇ ಬಡಿಸಿದ್ನಾ? 283 ಪೌಂಡ್ ಕಣ್ರೀ!

ಸಂಜೆ ಬ್ಯಾಚ್: ಗುರು, ಆ 283 ಅನ್ನೋದನ್ನ ಬಿಡು. ತೂಕ ನೋಡುವಾಗ ಅವನು ಮೆಕ್ಸಿಕೋದ ಆ ಅಗಲ ಅಂಚಿನ ಸೊಂಬ್ರೆರೊ ಟೋಪಿ, ಮೈಮೇಲಿನ ಬಟ್ಟೆ ಸಮೇತ ಹತ್ತಿದ್ದ. ಫೋಟೋ ಇದೆ, ನೋಡು.

ಎಡಗೈ ಜಾಬ್: ಟೋಪಿ ಹದಿನೈದು ಪೌಂಡ್ ತೂಗುತ್ತಾ? ಏಳು ಕೇಜಿ ಹತ್ತಿರ ಆಯ್ತು ಅದು.

ಸಂಜೆ ಬ್ಯಾಚ್: ಹದಿನೈದು ಅಂತ ನಾನು ಎಲ್ಲಿ ಹೇಳ್ದೆ? ಬಟ್ಟೆ ಹಾಕ್ಕೊಂಡು ತೂಗಿದ ಲೆಕ್ಕನ ಸಾಕ್ಷಿ ಅಂತ ತರಬೇಡ ಅಂದೆ. ಹೆವಿವೇಯ್ಟ್‌ನಲ್ಲಿ ಮೇಲಿನ ಮಿತಿಯೇ ಇಲ್ಲ, ಯಾರೂ ಬಟ್ಟೆ ಬಿಚ್ಚಲೇಬೇಕು ಅಂತಿಲ್ಲ.

ಎಡಗೈ ಜಾಬ್: ಮಿತಿ ಇಲ್ಲ ಅಂದ್ರೆ ಹೊಟ್ಟೆ ಬಿಡಬಹುದಾ? ಸೌದೀಲಿ ಹನ್ನೆರಡು ರೌಂಡೂ ಜೋಶುವಾ ಜಾಬ್ (ಮುಂದಿನ ಕೈಯ ನೇರ ಗುದ್ದು) ಹೊಡ್ಕೊಂಡು ಸುತ್ತುತ್ತಾನೇ ಇದ್ದ, ಇವನಿಗೆ ಹತ್ತಿರ ಹೋಗೋಕೂ ಆಗಲಿಲ್ಲ. ಜೋಶುವಾ ಪರ ಇಬ್ಬರು ಜಡ್ಜ್ ಕೊಟ್ಟ ಅಂಕ 118-110, ಇನ್ನೊಬ್ಬರದು 119-109. ಟೋಪಿ ತೆಗೆದು ತಾನೇ ಆಡಿದ್ದು?

ಸಂಜೆ ಬ್ಯಾಚ್: "ಹತ್ತಿರ ಹೋಗೋಕೂ ಆಗಲಿಲ್ಲ" ಅಂದ್ಯಲ್ಲ, ಅದು ಜೋಶುವಾ ಆಟ ಬದಲಿಸಿದ್ದಕ್ಕೆ. 2021ರ ಮೇನಲ್ಲಿ ರೂಯಿಸ್ 256ಕ್ಕೆ ಇಳಿದು ಕ್ರಿಸ್ ಅರಿಯೋಲಾ ಜೊತೆ ಆಡಿದಾಗ ಎರಡನೇ ರೌಂಡಲ್ಲೇ ಬಿದ್ದ. ತೂಕ ಇಳಿಸಿದ್ರೂ ಬಿದ್ದ ತಾನೇ?

ಎಡಗೈ ಜಾಬ್: ಬಿದ್ದು ಎದ್ದು ಗೆದ್ದ ಅನ್ನೋದನ್ನ ಬೇಕಂತಲೇ ಬಿಟ್ಟೆ ನೋಡು. ನಿನ್ ಜೊತೆ ಮಾತಾಡೋದೇ ವೇಸ್ಟ್.

ಯಶವಂತಪುರದವಳು: ಒಂದು ಟೋಪಿ ಹಿಡ್ಕೊಂಡು ಎಷ್ಟು ಹೊತ್ತು ಜಗಳ ಆಡ್ತೀರ?

ಸಂಜೆ ಬ್ಯಾಚ್: ಮೇಡಂ, ಟೋಪಿ ತಂದಿದ್ದು ನಾನೇ. ಆದ್ರೆ ತಪ್ಪು ಲೆಕ್ಕ ಮೊದಲು ಬರೆದವರು ಯಾರು?

ಮಾವಳ್ಳಿ ಮಾಸ್ಟರ್: ನಿಮ್ಮ ಪೌಂಡು, ಟೋಪಿ ಎರಡೂ ಪಕ್ಕಕ್ಕಿಡಿ. ಸೋತ ರಾತ್ರಿ ಅವನೇ ಬಾಯಿಬಿಟ್ಟು ಹೇಳಿದ: ಮೂರು ತಿಂಗಳ ಪಾರ್ಟಿಯಿಂದ ಹೀಗಾಯ್ತು, ಕೋಚ್ ಮ್ಯಾನಿ ರೋಬ್ಲೆಸ್ ಮಾತು ಕೇಳಬೇಕಿತ್ತು ಅಂತ. ಆಮೇಲೆ? ಅದೇ ರೋಬ್ಲೆಸ್‌ನನ್ನ ಬಿಟ್ಟ. ನನಗೆ ಹೊಟ್ಟೆ ಉರಿಯೋದು ಇದಕ್ಕೆ. ನನ್ನ ಹತ್ತಿರ ಕಲಿತ ಹುಡುಗ ಒಬ್ಬನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ತು. ಮೊನ್ನೆ ಬಂದಿದ್ದ. ಕೈಗೆ ಬ್ಯಾಂಡೇಜ್ ಸುತ್ತಿದ್ದು ಮಾತ್ರ ಮೊದಲಿನ ಹಾಗೇ, ಹೆಬ್ಬೆರಳಿಂದ ಶುರುಮಾಡಿ ಅಚ್ಚುಕಟ್ಟಾಗಿ. ಮೂರು ನಿಮಿಷ ಸ್ಕಿಪಿಂಗ್ ಪೂರ್ತಿ ಮಾಡೋಕಾಗದೆ ರಿಂಗಿನ ಹಗ್ಗ ಹಿಡ್ಕೊಂಡು ನಿಂತ. ಬೈಯೋಣ ಅಂತ ಬಾಯಿ ತೆಗೆದ್ರೆ "ಈಗ ನಾನು ಆಫೀಸರ್ ಸಾರ್" ಅಂದ. ದುಡ್ಡು ಬಂದ ಮೇಲೆ "ಬೇಡ ಕಣೋ" ಅನ್ನೋರನ್ನ ಮೊದಲು ದೂರ ಮಾಡ್ತಾರೆ. ಟೈಸನ್ 1988ರಲ್ಲಿ ತನ್ನ ಕೋಚ್ ಕೆವಿನ್ ರೂನಿಯನ್ನ ತೆಗೆದುಹಾಕ್ದ, 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಕೈಲಿ ಮಲಗಿದ. ಆ ಡಗ್ಲಸ್ಸೂ ಅದೇ ಅಕ್ಟೋಬರಿಗೆ 246 ಪೌಂಡ್ ಆಗಿ ಹೋಲಿಫೀಲ್ಡ್ ಎದುರು ಮೂರೇ ರೌಂಡಿಗೆ ಹೋದ.

ಯಶವಂತಪುರದವಳು: ಮಾಸ್ಟರೇ, ಕೆಲಸ ಸಿಕ್ಕಿದ್ದನ್ನೇ ತಪ್ಪು ಅಂತೀರಲ್ಲ! ಆ ಹುಡುಗನ ಮನೆ ಬಾಡಿಗೆ ಯಾರು ಕಟ್ಟಬೇಕಿತ್ತು?

ಮಾವಳ್ಳಿ ಮಾಸ್ಟರ್: ಕೆಲಸ ತಪ್ಪು ಅಂದಿಲ್ಲಮ್ಮ. ಬೆಳಗ್ಗೆ ಐದಕ್ಕೆ ಏಳೋದು ನಿಲ್ಲಿಸಿದ್ದು ತಪ್ಪು ಅಂದೆ.

ಯಶವಂತಪುರದವಳು: ತಲೆಗೆ ಏಟು ತಿಂದು ದುಡಿಯೋನು ಮೊದಲು ಮನೆ ತಗೊಳ್ಳೋದೇ ಸರಿ. ನಮ್ಮೂರಲ್ಲೂ ಕೈಗೆ ದುಡ್ಡು ಬಂದ್ರೆ ಮೊದಲು ಸೈಟ್ ತಾನೇ ನೋಡೋದು?

ಎಡಗೈ ಜಾಬ್: ರೋಲ್ಸ್ ರಾಯ್ಸ್ ಯಾವ ಲೇಔಟಿನ ಸೈಟು ಮೇಡಂ? ಸೌದಿ ಸೋಲಿನಿಂದ 2024ರ ಕೊನೆವರೆಗೆ ಆಡಿದ್ದು ಮೂರೇ ಫೈಟು: ಅರಿಯೋಲಾ, 2022ರಲ್ಲಿ ಲೂಯಿಸ್ ಓರ್ಟಿಜ್, 2024ರ ಆಗಸ್ಟಲ್ಲಿ ಮಿಲ್ಲರ್ ಜೊತೆ ಡ್ರಾ. ಆ ಕೈವೇಗ ಇದ್ದ ಹೆವಿವೇಯ್ಟ್ ನಾನು ಕಂಡಿಲ್ಲ. ಮೂರನೇ ರೌಂಡಲ್ಲಿ ತಾನೇ ಬಿದ್ದು, ಎದ್ದು, ಅದೇ ರೌಂಡಲ್ಲಿ ಜೋಶುವಾನನ್ನ ಎರಡು ಸಲ ಕೆಡವಿದವನು. ಅಂಥವನು ಐದು ವರ್ಷಕ್ಕೆ ಮೂರು ಸಲ ರಿಂಗ್ ಹತ್ತಿದ್ರೆ ಸಿಟ್ಟು ಬರಲ್ವಾ?

ಸಂಜೆ ಬ್ಯಾಚ್: ಓರ್ಟಿಜ್‌ನನ್ನ ಮೂರು ಸಲ ಕೆಡವಿ ಗೆದ್ದ ಅಂತ ಬರೀಲಿಲ್ಲ ನೀನು. ತೂಕದ ವಿಷಯಕ್ಕೂ ಇನ್ನೂ ಉತ್ತರ ಕೊಟ್ಟಿಲ್ಲ.

ಎಡಗೈ ಜಾಬ್: ಟೋಪಿಗೆ ಎರಡು ಪೌಂಡ್ ಕಳೆದುಕೋ. ಬಟ್ಟೆಗೆ ಇನ್ನೆರಡು. ಉಳಿದ ಹನ್ನೊಂದಕ್ಕೆ ನೀನು ಉತ್ತರ ಕೊಡು.