ಅಪ್ಪನ ಕೆಮ್ಮಿಗೆ ಓಝೋನ್ ಥೆರಪಿ ಮಾಡಿಸಬಹುದಾ?

ಬೆಣ್ಣೆದೋಸೆ:
ಅಪ್ಪಂಗೆ 67, ಮೊದ್ಲಿಂದ ಸ್ವಲ್ಪ ಉಬ್ಬಸ ಇದೆ. ಹೋದ ವಾರ ಫ್ಲೂ ಬಂತು, ಜ್ವರ ಬಿಡ್ತು ಆದ್ರೆ ಕೆಮ್ಮು ಹೋಗ್ತಿಲ್ಲ. ಚಿಕ್ಕಪ್ಪ ಯಾವ್ದೋ ಕ್ಲಿನಿಕ್ಕಲ್ಲಿ ವಿಚಾರಿಸ್ಕೊಂಡು ಬಂದಿದಾರೆ, ರಕ್ತ ತೆಗ್ದು ಅದಕ್ಕೆ ಓಝೋನ್ ಸೇರ್ಸಿ ವಾಪಸ್ ಏರಿಸ್ತಾರಂತೆ, ಹತ್ತು ಸಿಟ್ಟಿಂಗು, ವೈರಸ್ಸೆಲ್ಲಾ ಸುಟ್ಟೋಗುತ್ತಂತೆ. ಜೊತೆಗೆ ರಾತ್ರಿ ರೂಮಲ್ಲಿ ಆನ್ ಮಾಡಿಡೋಕೆ ಒಂದು ಮೆಷೀನು. ಬೇಡ ಅಂದ್ರೆ "ನೀನು ಕುಡಿಯೋ ಕ್ಯಾನ್ ನೀರಿಗೂ ಓಝೋನೇ ಹಾಕೋದು ಕಣೋ" ಅಂತಾರೆ.

ನೀರುಗಂಟಿ:
ನಾನು ನೀರಿನ ಪ್ಲಾಂಟಲ್ಲಿ ನಾಲ್ಕು ವರ್ಷ ಇದ್ದೆ. ನೀರಿಗೆ ಹಾಕಿದ ಓಝೋನ್ ಬೇಗನೇ ಆಕ್ಸಿಜನ್ ಆಗ್ಬಿಡುತ್ತೆ, ಕ್ಯಾನ್ ನಿಮ್ಮನೆಗೆ ಬರೋಷ್ಟ್ರಲ್ಲಿ ಅದ್ರಲ್ಲಿ ಏನೂ ಉಳಿದಿರಲ್ಲ. ಅದೇ ಗ್ಯಾಸ್ ಒಂದ್ಸಲ ಪೈಪಲ್ಲಿ ಲೀಕ್ ಆದಾಗ ಎದೆ ಹಿಡ್ಕೊಂಡು ಕೆಮ್ಮುತ್ತಾ ಹೊರಗೆ ಓಡಿದ್ವಿ, ಗಂಟಲು ಉರಿ ಎರಡು ದಿನ ಹೋಗ್ಲಿಲ್ಲ. ಉಬ್ಬಸ ಇರೋರ ರೂಮಲ್ಲಿ ಆ ಮೆಷೀನಾ? ದಯವಿಟ್ಟು ಬೇಡ.

ಸ್ಟೆತು:
ಮೇಲಿನವ್ರು ಹೇಳಿದ್ದು ಸರಿ. ಗಾಳೀಲಿರೋ ವೈರಸ್ ಸಾಯೋಷ್ಟು ಓಝೋನ್ ಬಿಟ್ರೆ ಮನುಷ್ಯನ ಶ್ವಾಸಕೋಶ ತಡ್ಕೊಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲಿ ಇದು ವಿಷಾನಿಲ, ಇದರಿಂದ ಚಿಕಿತ್ಸೆಗೆ ಉಪಯೋಗ ಇದ್ದಂತೆ ಗೊತ್ತಿಲ್ಲ ಅಂತಾನೇ ಇದೆ, ಮನೆ ಒಳಗಿನ ಸಾಧನಗಳಿಗೆ ಮಿತಿ 0.05 ಪಿಪಿಎಂ (ಹತ್ತು ಲಕ್ಷ ಪಾಲು ಗಾಳೀಲಿ 0.05 ಪಾಲು). ರಕ್ತದ ವಿಷ್ಯಕ್ಕೆ ಬಂದ್ರೆ, ಫ್ಲೂ ವೈರಸ್ ಇರೋದು ಮುಖ್ಯವಾಗಿ ಶ್ವಾಸನಾಳದ ಒಳಪದರದಲ್ಲಿ, ಬಾಟ್ಲಿಗೆ ತೆಗ್ದಿರೋ ರಕ್ತದಲ್ಲಲ್ಲ. ಓಝೋನು ಆ ಬಾಟ್ಲೀಲೇ ರಕ್ತದ ಜೊತೆ ಸೇರಿ ಖರ್ಚಾಗೋಗುತ್ತೆ, ಶ್ವಾಸಕೋಶದವರೆಗೆ ಹೋಗಲ್ಲ. ರೋಗನಿರೋಧಕ ಶಕ್ತಿ ಜಾಸ್ತಿ ಆಗುತ್ತೆ ಅಂತ ಅವ್ರು ವಾದ ಮಾಡ್ತಾರೆ, ಕೋವಿಡ್ ಟೈಮಲ್ಲಿ ಇಟಲಿ ಸ್ಪೇನ್ ಕಡೆ ಸಣ್ಣಸಣ್ಣ ಪ್ರಯೋಗ ಆಗಿದ್ವು, ಆದ್ರೆ ಇದನ್ನೇ ನಂಬಿ ಚಿಕಿತ್ಸೆ ಕೊಡೋಷ್ಟು ಗಟ್ಟಿ ಸಾಕ್ಷಿ ಬರ್ಲಿಲ್ಲ. ಜಿ6ಪಿಡಿ (ಕೆಂಪು ರಕ್ತಕಣನ ಕಾಪಾಡೋ ಒಂದು ಕಿಣ್ವ) ಕೊರತೆ ಇದ್ದೋರಿಗಂತೂ ಕೆಂಪು ರಕ್ತಕಣ ಒಡೆಯೋ ಅಪಾಯ, ಆ ಟೆಸ್ಟ್ ಬಗ್ಗೆ ಕ್ಲಿನಿಕ್ಕಲ್ಲಿ ಕೇಳಿದ್ರಾ?

ಹುಬ್ಬಳ್ಳಿ ಮಂದಿ:
ನಾ ಬೆನ್ನಿನ ಡಿಸ್ಕಿಗೆ ಓಝೋನ್ ಇಂಜೆಕ್ಷನ್ ಮಾಡಿಸ್ಕೊಂಡೀನ್ರಿ, ಆರಾಮ ಆತು. ಎಲ್ಲಾ ಸುಳ್ಳು ಅನಬ್ಯಾಡ್ರಿ.

ಸ್ಟೆತು:
ಸುಳ್ಳು ಅಂದಿಲ್ಲ ಸರ್. ಡಿಸ್ಕಿಗೆ ಚುಚ್ಚೋದು ಬೇರೆ, ಫ್ಲೂಗೆ ಅಂತ ರಕ್ತಕ್ಕೆ ಸೇರ್ಸೋದು ಬೇರೆ. @ಬೆಣ್ಣೆದೋಸೆ ಫ್ಲೂ ಆದ್ಮೇಲೆ ಕೆಮ್ಮು ಎರಡು ಮೂರು ವಾರ ಎಳೆಯೋದು ಸಾಮಾನ್ಯ, ಆದ್ರೆ ಉಬ್ಬಸ ಇರೋದ್ರಿಂದ ಇನ್ಹೇಲರ್ ಡೋಸ್ ಡಾಕ್ಟರ್ ಹತ್ರ ಚೆಕ್ ಮಾಡ್ಸಿ. ಉಸಿರು ಕಟ್ಟಿದ್ರೆ, ಮತ್ತೆ ಜ್ವರ ಬಂದ್ರೆ ಅಥವಾ ಆಕ್ಸಿಮೀಟರಲ್ಲಿ 94ಕ್ಕಿಂತ ಕಮ್ಮಿ ತೋರ್ಸಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಬೆಣ್ಣೆದೋಸೆ:
ಈಗ ನೋಡಿದೆ, 97 ಇದೆ. ನಾಳೆ ನಮ್ಮ ಮಾಮೂಲಿ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಚಿಕ್ಕಪ್ಪ ಮೆಷೀನಿಗೆ ಅಡ್ವಾನ್ಸ್ ಕೊಟ್ಬಿಟ್ಟಿದಾರಂತೆ, ಈಗ ತಾನೇ ಹೇಳಿದ್ರು, ಅದನ್ನ ವಾಪಸ್ ಇಸ್ಕೊಳೋದು ಹೇಗೆ ಅಂತ ಯಾರಾದ್ರೂ ಹೇಳ್ರಪ್ಪಾ.